ಸೀಲು ಒಡೆಯದ ಲಕ್ಷ್ಮಿ

ನಮ್ಮ ಕಡೆ ಒಂದು ವಸ್ತುವಿಗೆ ನಿಜವಾದ ಮರ್ಯಾದೆ ಸಿಗುವುದು ಅದನ್ನು ಬಳಸದೇ ಇದ್ದಾಗ. ಗಾಜಿನ ಕಪಾಟಿನಲ್ಲಿ ಕುಳಿತ ಚಹದ ಕಪ್ಪುಗಳನ್ನು ಎಲ್ಲರೂ ಎರಡು ಕೈಯಿಂದ ಎತ್ತುತ್ತಾರೆ. ದಿನಾ ಒಲೆಯ ಮೇಲೇರುವ ಬೋಗುಣಿಯನ್ನು ಮಾತ್ರ ಯಾರು ಬೇಕಾದರೂ ಕುಕ್ಕಬಹುದು. ಮನೆಯ ಹೆಂಗಸು ಈ ಎರಡರಲ್ಲಿ ಯಾವ ಸಾಲಿಗೆ ಸೇರುತ್ತಾಳೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮನೆಯವರದು ಹುಬ್ಬಳ್ಳಿಯಲ್ಲಿ ಅರಳೆಯ ದಲಾಲಿ. ಒಂದು ಚಿಟಿಕೆ ಅರಳೆಯನ್ನು ಬೆರಳಲ್ಲಿ ಎಳೆದು, ತಿಕ್ಕಿ, ಬೆಳಕಿಗೆ ಹಿಡಿದು ದರ ಹೇಳುವ ಮನುಷ್ಯ. ಮುಟ್ಟದೆ ಯಾವ ಮಾಲನ್ನೂ ನಂಬಿದವರಲ್ಲ. ಅಂಥವರಿಗೆ ತೊಂಬತ್ತರ ದಶಕದ ಕೊನೆಯಲ್ಲಿ ನಾಣ್ಯದ ಹುಚ್ಚು ಹತ್ತಿತು. ಯಾವುದೋ ದೊಡ್ಡ ಸಂದರ್ಭದ ನೆನಪಿಗೆಂದು ಸರಕಾರದ ಟಂಕಸಾಲೆ ಹೊರಡಿಸಿದ ಒಂದು ಸೆಟ್ಟನ್ನು ಮುಂಗಡ ಕಟ್ಟಿ, ತಿಂಗಳುಗಟ್ಟಲೆ ಅಂಚೆಯವನ ದಾರಿ ಕಾದು ತರಿಸಿಕೊಂಡರು. ಬೆಳ್ಳಿ ಬೆರೆತ ನೂರು ರೂಪಾಯಿಯ ದೊಡ್ಡ ನಾಣ್ಯ, ಜೊತೆಗೆ ಅದರ ಚಿಳ್ಳೆಪಿಳ್ಳೆಗಳು. ಅವುಗಳ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಮಖಮಲ್ಲಿನ ಡಬ್ಬಿ, ಅದರ ಮೇಲೆ ಸೀಲು ಹಚ್ಚಿದ ರಟ್ಟಿನ ಪೆಟ್ಟಿಗೆ. ನೂರು ರೂಪಾಯಿಯೇನೋ ಹೌದು, ಆದರೆ ಅದನ್ನು ಕೊಟ್ಟು ಜೋಳ ತರುವಂತಿಲ್ಲ. ಅಷ್ಟೇ ಏಕೆ, ನಾವ್ಯಾರೂ ಅದರ ಮುಖವನ್ನೇ ನೋಡಿರಲಿಲ್ಲ. ರಟ್ಟಿನ ಮೇಲಿನ ಚಿತ್ರವೇ ನಮಗೆ ದರ್ಶನ.

“ಒಳಗ ನಾಣ್ಯ ಅದ ಅಂತ ಹೆಂಗ ಗೊತ್ತ್ರಿ?” ಎಂದು ಒಮ್ಮೆ ಕೇಳಿದೆ.

“ಒಡದು ನೋಡಿದ್ರ ಬೆಲಿ ಹೋಗ್ತದ. ನಾಣ್ಯ ಕಡಿಮಿ ಹೊಡದಿರಬೇಕು, ಡಬ್ಬಿ ಬಂದಂಗ ಇರಬೇಕು. ಎರಡೂ ಇದ್ರನ ರೇಟು. ಏರ್ಲಿ ತಡಿ, ಮಾರಿ ನಿನಗ ವಾಷಿಂಗ್ ಮಶೀನ್ ತರ್ತೇನಿ.”

ನಳದಲ್ಲಿ ನೀರು ಬರುವುದೇ ವಾರಕ್ಕೊಮ್ಮೆ ಎನ್ನುವ ಊರಿನಲ್ಲಿ ವಾಷಿಂಗ್ ಮಶೀನಿಗೆ ಆಸೆಪಡುವುದು ಎಂಥ ಹುಚ್ಚೆಂದು ನನಗೆ ಗೊತ್ತಿತ್ತು. ಆದರೂ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಬಗ್ಗಿದಾಗಲೆಲ್ಲ ಆ ರಟ್ಟಿನ ಪೆಟ್ಟಿಗೆಯೇ ಕಣ್ಣೆದುರು ಬರುತ್ತಿತ್ತು.

ಇದೇ ಸೆಟ್ಟು ದೇಶಪಾಂಡೆ ನಗರದ ಹೊಸಮನಿಯವರ ಕಪಾಟಿನಲ್ಲೂ ಇತ್ತು. ಅವರು ಇವರ ಗೆಳೆಯರು. ಫೋನಿನಲ್ಲಿ “ಆರಾಮಿದ್ದೀರಿ?” ಎನ್ನುವ ಮೊದಲೇ “ಡಬ್ಬಿ ಹೆಂಗದ?” ಎಂದು ವಿಚಾರಿಸಿಕೊಳ್ಳುತ್ತಿದ್ದರು. ಇದನ್ನು ಗೆಳೆತನವೆಂದು ನಾನು ಬಹಳ ದಿನ ನಂಬಿದ್ದೆ. ಒಮ್ಮೆ ಧಾರವಾಡದ ಪ್ರೊಫೆಸರರೊಬ್ಬರು ಇದೇ ಸೆಟ್ಟಿನ ದೊಡ್ಡ ನಾಣ್ಯಕ್ಕೆ ತೂತು ಕೊರೆಸಿ ಮೊಮ್ಮಗಳ ಕೊರಳಿಗೆ ಕಟ್ಟಿದರೆಂಬ ಸುದ್ದಿ ಬಂತು. ಇವರು ಫೋನಿನಲ್ಲಿ “ಛೇ, ಛೇ, ಪಾಪ” ಎಂದು ಕರಗಿಹೋದರು. ರಿಸೀವರ್ ಇಟ್ಟವರೇ ನನ್ನ ಕಡೆ ತಿರುಗಿ, “ಊರಾಗ ಒಂದು ಕಡಿಮಿ ಆತು. ಇವತ್ತ ಶಿರಾ ಮಾಡು” ಎಂದರು.

ಆ ವರ್ಷದ ದೀಪಾವಳಿಗೆ ನಮ್ಮ ಅತ್ತೆಯವರು ಪಟ್ಟು ಹಿಡಿದರು. “ಬೆಳ್ಳಿ ರೊಕ್ಕ ಮನ್ಯಾಗ ಇಟಗೊಂಡು ಲಕ್ಷ್ಮೀ ಪೂಜಾಕ್ಕ ಚಿಲ್ಲರಿ ಇಡ್ಲೇನೋ ಬಸೂ?”

“ಅವ್ವಾ, ಅದನ್ನ ಒಡೀಬಾರದು.”

“ಪೂಜಾಕ್ಕ ಬರಲಾರದ್ದು ಎಂಥಾ ಲಕ್ಷ್ಮೀನೋ? ಕಪಾಟಿನ್ಯಾಗ ಉಸರುಗಟ್ಟಿ ಕುಂತಾಳ ಆಕಿ!”

ಇಬ್ಬರು ಜಗಳಾಡುವಾಗ ಇಬ್ಬರಿಗೂ ಒಪ್ಪುವ ಮಾತನ್ನು ಮೆಲುದನಿಯಲ್ಲಿ ಹೇಳಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. ಮೆಲುದನಿಯಲ್ಲೇ ಹೇಳಿದೆ: “ಒಡಿಯೂದು ಬ್ಯಾಡ್ರಿ. ಡಬ್ಬಿ ಸಹಿತ ಪೂಜಾ ಮಾಡಿದ್ರಾತು.” ಇಬ್ಬರೂ ಒಪ್ಪಿದರು. ಪೂಜೆಯೆಂದರೆ ಎರಡು ಹೂವು, ಒಂದು ಊದಿನಕಡ್ಡಿ ಎಂದುಕೊಂಡು ಮಗ ಅಂಗಡಿಗೆ ಹೋದರು. ಪೂಜೆಯೆಂದರೆ ಮೊದಲು ಸ್ನಾನ ಎಂಬುದು ತಾಯಿಯ ಲೆಕ್ಕ.

ನಾನು ಕರ್ಚಿಕಾಯಿ ಕರಿದು ಹೊರಗೆ ಬಂದಾಗ ಪೆಟ್ಟಿಗೆ ಹಿತ್ತಾಳೆಯ ಪರಾತದಲ್ಲಿ ವಿರಾಜಮಾನವಾಗಿತ್ತು. ಹಾಲು, ಮೊಸರು, ತುಪ್ಪ ಮುಗಿದು ಜೇನುತುಪ್ಪ ಇಳಿಯುತ್ತಿತ್ತು. ಸಕ್ಕರೆ ಕೈಯಲ್ಲಿ ಸಿದ್ಧವಾಗಿತ್ತು. ನನ್ನ ಮುಖ ನೋಡಿ ಅತ್ತೆಯವರು ಹೆಮ್ಮೆಯಿಂದ, “ಸೀಲ್ ಒಡದಿಲ್ಲ ನೋಡವಾ” ಎಂದರು.

ರಾತ್ರಿಯೆಲ್ಲ ಪೆಟ್ಟಿಗೆಗೆ ಫ್ಯಾನಿನ ಗಾಳಿ. ಬೆಳಿಗ್ಗೆ ಇರುವೆಗಳ ಸಾಲು. ಇವರು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, ಕೂಸನ್ನು ದವಾಖಾನೆಗೆ ಒಯ್ಯುವಂತೆ ನಾಣ್ಯದ ವ್ಯಾಪಾರಿಯ ಬಳಿಗೆ ಒಯ್ದರು. ನಾನೂ ಹೋದೆ, ಅದರೊಳಗೆ ನನ್ನದೂ ಒಂದು ಮಶೀನು ಇತ್ತಲ್ಲ! ವ್ಯಾಪಾರಿ ಪೆಟ್ಟಿಗೆ ಬಿಡಿಸಿದಾಗ ಮೊದಲ ಬಾರಿ ನಾಣ್ಯದ ಮುಖ ಕಂಡಿತು. ಕನ್ನಡಿಯಂತೆ ಹೊಳೆಯುತ್ತಿತ್ತು, ಒಂದು ಕಲೆಯಿಲ್ಲ. ಆತ ಅದರತ್ತ ಕಣ್ಣೂ ಹಾಯಿಸಲಿಲ್ಲ. ಉಬ್ಬಿದ ರಟ್ಟನ್ನೇ ತಿರುವಿ ತಿರುವಿ ನೋಡಿದ.

“ನಾಣ್ಯಕ್ಕ ಏನೂ ಆಗಿಲ್ರಿ ಸಾವಕಾರ್ರ. ಆದ್ರ ಡಬ್ಬಿ ಹೋತು, ಒಳಗಿನ ಟಂಕಸಾಲಿ ಸರ್ಟಿಫಿಕೇಟ್ ಅಂಟಿಕೊಂಡದ. ಬೆಳ್ಳಿ ತೂಕದ ರೇಟಿಗೆ ಬೇಕಾದ್ರ ತಗೋತೇನಿ.”

ಎಂದರೆ ಇಷ್ಟು ವರ್ಷ ನಾವು ಬೀಗ ಹಾಕಿ ಕಾದದ್ದು ಬೆಳ್ಳಿಯನ್ನಲ್ಲ, ರಟ್ಟನ್ನು. ಇವರು ಮತ್ತೆ ಟವೆಲು ಸುತ್ತಿದರು. ಮನೆಗೆ ಬಂದು ನಾನು ಅದೇ ಟವೆಲನ್ನು ಕಲ್ಲಿನ ಮೇಲೆ ಹಾಕಿ, ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಕುಕ್ಕಿದೆ.

ಸಂಜೆ ಹೊಸಮನಿಯವರು ಹೆಂಡತಿ ಗಿರಿಜಕ್ಕನೊಡನೆ ಸಮಾಧಾನ ಹೇಳಲು ಬಂದರು. “ಭಾಳ ಕೆಟ್ಟ ಆತ್ರಿ ವೈನಿ, ಕೇಳಿ ಊಟಾನ ಸೇರಲಿಲ್ಲ” ಎನ್ನುತ್ತ ನನ್ನ ಕೈಗೆ ಧಾರವಾಡ ಪೇಢೆಯ ಪೊಟ್ಟಣ ಕೊಟ್ಟರು. ದುಃಖದ ಮನೆಗೆ ಯಾರು ಪೇಢೆ ತರುತ್ತಾರೆ? ನಮ್ಮವರ ಮುಖ ಸಪ್ಪಗಾಯಿತು.

ನಾನು ಚಹ ಕೊಟ್ಟು, ಬಹಳ ವಿನಯದಿಂದ, “ಅಣ್ಣಾರ, ಬರೋ ವರ್ಷ ನಿಮ್ಮ ಡಬ್ಬೀನೂ ತರ್ರಿ. ನಮ್ಮ ಅತ್ತಿಯವರು ಭಾಳ ಛಲೋ ಪೂಜಾ ಮಾಡ್ತಾರ” ಎಂದೆ. ಹೊಸಮನಿಯವರಿಗೆ ಚಹ ನೆತ್ತಿಗೇರಿತು. ಒಳಗಿನಿಂದ ಅತ್ತೆಯವರು, “ತರ್ಲಿ ತರ್ಲಿ, ತುಪ್ಪ ಮಾತ್ರ ಅವರ ಮನೀದು ಇರ್ಲಿ” ಎಂದು ಕೂಗಿದರು.

ಅವರು ತರಲಿಲ್ಲ, ತರುವುದೂ ಇಲ್ಲ. ಗಂಡಸರ ಈ ಡಬ್ಬಿಯ ಹೊಟ್ಟೆಕಿಚ್ಚನ್ನು ನೋಡಿ ನನಗಂತೂ ನಗು. ಮೊನ್ನೆ ಮಳೆಯಲ್ಲಿ ಗಿರಿಜಕ್ಕ ಸಿಕ್ಕು, “ಏನ್ ಹೇಳ್ಲಿ, ನಮ್ಮ ಮಾಳಿಗಿ ಸೋರಾಕತ್ತೇದ” ಎಂದು ಪೇಚಾಡಿದಳು. ಪಾಪ ಎನ್ನಿಸಿತು. ಅವಳ ಕೈ ಹಿಡಿದು, ಸಿಸ್ಟರುಗಳು ಕಲಿಸಿದ ಅದೇ ಮೆಲುದನಿಯಲ್ಲಿ ಕೇಳಿದೆ: “ಹೌದಾ? ಕಪಾಟು ಇರೋ ಖೋಲೀನ ಏನ್ರಿ?”