ಬದು ಉಳುವ ಆವುಲಪ್ಪನ ವಿಷಯವಾಗಿ ಶ್ವೇತಭವನದ ಕುರ್ಚಿಗೆ

ಅಮೆರಿಕದ ಅಧ್ಯಕ್ಷರು ಕೂರುವ ಘನ ಕುರ್ಚಿಯವರ ಸನ್ನಿಧಾನಕ್ಕೆ, ಶಿಡ್ಲಘಟ್ಟ ತಾಲ್ಲೂಕು ಸಾದಲಿ ಹೋಬಳಿಯಲ್ಲಿ ರೇಷ್ಮೆ ಹುಳು ಸಾಕಿಕೊಂಡಿರುವ ಶ್ಯಾಮಲಮ್ಮನ ಸಾವಿರ ನಮಸ್ಕಾರಗಳು.

ಮಾನ್ಯರೇ, ಕೂತವರು ಎದ್ದು ಹೋಗುತ್ತಾರೆ, ತಾವು ಮಾತ್ರ ಇದ್ದಲ್ಲೇ ಇರುತ್ತೀರಿ ಎಂದು ನೇರವಾಗಿ ತಮಗೇ ಬರೆಯುತ್ತಿದ್ದೇನೆ. ಪಕ್ಕದ ತೋಟದ ಆವುಲಪ್ಪ ಉಳುವಾಗಲೆಲ್ಲ ನಮ್ಮ ಬದುವನ್ನು ಒಂದಿಷ್ಟು ಇತ್ತ ತಳ್ಳುತ್ತಾನೆ. ಅದು ಅವನ ಗುಣ, ಬಿಡಿ. ನನ್ನ ದೂರು ತಮ್ಮ ಮೇಲೆ. ಏಕೆಂದರೆ ನಮ್ಮೂರಲ್ಲಿ ನ್ಯಾಯ ಹೇಳುವ ಯಜಮಾನರಾದ ಕೋನಪ್ಪನವರು ವಾರ್ತೆಯಲ್ಲಿ ತಮ್ಮ ಕಡೆಯ ಸುದ್ದಿ ಕೇಳಿಯೇ ತೀರ್ಪು ಕೊಡುವವರು. ರಷ್ಯಾದವರು ಪಕ್ಕದ ದೇಶದ ಗಡಿ ಒತ್ತಿದಾಗ ತಮ್ಮಲ್ಲಿ ಕೂತವರು ಏನು ಮಾಡುತ್ತಾರೋ, ನನ್ನ ತೋಟದ ವಿಷಯದಲ್ಲಿ ಇವರೂ ಅದನ್ನೇ ಮಾಡುತ್ತಾರೆ.

ನಮ್ಮ ಮಾವನ ಕಾಲದಲ್ಲಿ ಆ ಬದುವಿನುದ್ದಕ್ಕೂ ಕತ್ತಾಳೆ ಬೇಲಿ ಇತ್ತು. ಅದರ ಮುಳ್ಳಿಗೆ ಹೆದರಿ ದನವೂ ಇತ್ತ ತಲೆ ಹಾಕುತ್ತಿರಲಿಲ್ಲ. ಆಗ ಉಕ್ರೇನಿನವರು ತಮ್ಮಲ್ಲಿದ್ದ ಅಣುಬಾಂಬುಗಳನ್ನೆಲ್ಲ ಒಪ್ಪಿಸಿಬಿಟ್ಟರಂತೆ, ಅವರ ಗಡಿ ಮುಟ್ಟುವುದಿಲ್ಲವೆಂದು ತಮ್ಮವರೂ ರಷ್ಯಾದವರೂ ಜೊತೆಯಲ್ಲೇ ಭರವಸೆ ಕೊಟ್ಟರಂತೆ. ಕೋನಪ್ಪನವರಿಗೆ ಇದು ಬಹಳ ಹಿಡಿಸಿ, "ಮಕ್ಕಳು ಮರಿ ಓಡಾಡೋ ಜಾಗ ಕಣಮ್ಮ, ಕತ್ತಾಳೆ ಕಿತ್ತಾಕು, ಬದುಗೆ ನಾನಿದೀನಿ" ಎಂದರು. ಆವುಲಪ್ಪ ಗಂಗಮ್ಮನ ಗುಡಿ ಮುಂದೆ ನನ್ನ ಕೈಗೆ ವೀಳ್ಯದೆಲೆ ಅಡಿಕೆ ಇಟ್ಟು ಮಾತು ಕೊಟ್ಟ. ವೀಳ್ಯ ಕೊಟ್ಟ ಮೇಲೆ ಯಾರಾದರೂ ತಪ್ಪುತ್ತಾರೆಯೇ ಎಂದು ನಂಬಿ ನಾನೇ ಮಚ್ಚು ಹಿಡಿದು ಕಡಿದೆ.

ಜಾರ್ಜಿಯಾದೊಳಕ್ಕೆ ರಷ್ಯಾದ ಟ್ಯಾಂಕುಗಳು ನುಗ್ಗಿದ ವರ್ಷ ಆವುಲಪ್ಪ ನನ್ನ ಹಿಪ್ಪುನೇರಳೆಯ ಮೊದಲ ಸಾಲು ನುಂಗಿದ. ಆಗ ತಮ್ಮಲ್ಲಿ ಕೂತಿದ್ದವರು ಖಂಡಿಸಿ ಪರಿಹಾರ ಸಾಮಗ್ರಿ ಕಳಿಸಿದರು. ಕೋನಪ್ಪನವರೂ ಖಂಡಿಸಿ ನಮ್ಮನೆಗೆ ಅವರೆಕಾಳು ಕಳಿಸಿದರು. ಮುಂದೆ ಬಂದವರು ಸ್ನೇಹವನ್ನು ಹೊಸದಾಗಿ ಶುರು ಮಾಡೋಣ ಎಂದಾಗ ಇವರು ಆವುಲಪ್ಪನ ಮನೆಯಲ್ಲಿ ಕಾಫಿ ಕುಡಿದು ಬಂದರು. ಆಮೇಲೆ ಉಕ್ರೇನಿನ ಕ್ರಿಮಿಯಾ ರಷ್ಯಾದ ಪಾಲಾಯಿತು, ಆ ಮಹನೀಯರು ಉಕ್ರೇನಿಗೆ ಕಂಬಳಿ ಕಳಿಸಿದರೇ ಹೊರತು ಕೊಲ್ಲುವ ಆಯುಧ ಕೊಡಲಿಲ್ಲ. ಅದೇ ಹೊತ್ತಿಗೆ ಇನ್ನೊಂದು ಸಾಲು ಕಳೆದುಕೊಂಡ ನನಗೂ ಕಂಬಳಿ ಬಂತು. ಒಳ್ಳೆಯ ಕಂಬಳಿ, ಸುಳ್ಳು ಹೇಳಬಾರದು. ಅವರ ನಂತರದವರು ಉಕ್ರೇನಿಗೆ ಟ್ಯಾಂಕು ಹೊಡೆಯುವ ಕ್ಷಿಪಣಿಯನ್ನೂ ಕೊಟ್ಟರು, ರಷ್ಯಾದ ನಾಯಕರನ್ನೂ ಹೊಗಳಿದರು. ಕೋನಪ್ಪನವರು ನನಗೊಂದು ದೊಣ್ಣೆ ಕೊಟ್ಟು ಆವುಲಪ್ಪನ ಮೀಸೆಯನ್ನು ಹೊಗಳಿದರು. ಪೂರಾ ಯುದ್ಧವೇ ಶುರುವಾದಾಗ ಕೂತಿದ್ದವರು ಧಾರಾಳಿಗಳು, ಆದರೆ ಕೊಟ್ಟಿದ್ದೆಲ್ಲ ಕಂತು ಕಂತಾಗಿ, ಅದೂ ಬಹುಕಾಲ ಗಡಿಯಾಚೆಗೆ ಹೊಡೆಯಬಾರದೆಂಬ ಕರಾರಿನ ಮೇಲೆ. ಹಾಗಾಗಿ ನನಗೆ ಸಂಕ್ರಾಂತಿಗೆ ತಂತಿ, ಯುಗಾದಿಗೆ ಕಂಬ ಬಂದವು, ಆವುಲಪ್ಪನಿಗೆ ಚುಚ್ಚದ ಹಾಗೆ ಬೇಲಿ ಹಾಕಬೇಕೆಂಬ ಬುದ್ಧಿಮಾತೂ ಬಂತು.

ಹಿಂದೊಮ್ಮೆ ಕೂತಿದ್ದವರೇ ಈಗ ಮರಳಿ ಬಂದು, ಮನೆಗೆ ಬಂದ ಉಕ್ರೇನಿನ ಅತಿಥಿಯನ್ನು ಕ್ಯಾಮೆರಾ ಮುಂದೆ ಗದರಿಸಿ, ರಷ್ಯಾದವರಿಗೆ ಅಲಾಸ್ಕಾದಲ್ಲಿ ಕೆಂಪು ಹಾಸು ಹಾಸಿದರಲ್ಲ, ಅಲ್ಲಿಗೆ ನನ್ನ ಗ್ರಹಚಾರ ಪೂರ್ತಿ ಕೆಟ್ಟಿತು. ಕೋನಪ್ಪನವರು ರಾಗಿ ಮಿಲ್ಲಿನ ಹತ್ತಿರ ಜನರೆದುರು, "ಇಷ್ಟೆಲ್ಲ ಮಾಡಿದೀನಿ, ಒಂದು ಥ್ಯಾಂಕ್ಸಾದ್ರೂ ಹೇಳಿದೀಯೇನಮ್ಮ?" ಎಂದು ಬೈದರು. ಸಂಜೆ ನನ್ನನ್ನು ಕರೆಯದೆ ಆವುಲಪ್ಪನ ಮನೆಯಲ್ಲಿ ನಾಟಿ ಕೋಳಿ ಸಾರು ಉಂಡು ನನ್ನ ಬದುವಿನ ಪಂಚಾಯಿತಿ ಮುಗಿಸಿದರು. ತಮ್ಮವರು ಉಕ್ರೇನಿನ ಖನಿಜದಲ್ಲಿ ಪಾಲು ಕೇಳಿದ ಹಾಗೆ, ಪಟ್ಟ ಶ್ರಮಕ್ಕೆ ನನ್ನ ಬೋರ್‌ವೆಲ್ ನೀರಿನಲ್ಲಿ ಪಾಲು ಕೇಳಿದರು. "ಅಂತಾ ಶಾಂತಿ ಕೋಸಮೇ ಅಕ್ಕಾ" ಎಂದ ಆವುಲಪ್ಪ. ಎಲ್ಲ ಶಾಂತಿಗಾಗಿಯಂತೆ!

ಸ್ವಾಮಿ, ನನ್ನ ಹುಳುಗಳು ನಾಲ್ಕನೇ ಜ್ವರ ಎದ್ದಿವೆ. ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ತೋಟದಲ್ಲಿ ಉಳಿದಿರುವುದು ನಾಳೆಗೆ ಮುಗಿಯುತ್ತದೆ, ಆಮೇಲೆ ಗೂಡು ಕಟ್ಟುವ ಮೊದಲೇ ಅವು ಹಸಿದು ಸಾಯುತ್ತವೆ. ಕಣ್ಣೆದುರಿಗೇ ನನ್ನ ಸೊಪ್ಪು ಆವುಲಪ್ಪನ ಹುಳುಮನೆ ಸೇರುತ್ತಿದೆ. ಆದ್ದರಿಂದ ತಾವು ದಯಮಾಡಿ ಬೆಳೆ ಮುಗಿಯುವವರೆಗೆ ಯಾರನ್ನೂ ಕೂರಿಸಿಕೊಳ್ಳಬಾರದು. ಆಗದಿದ್ದರೆ ತಾವೇ ಸಾದಲಿಗೆ ಬಂದು ನನ್ನ ಬದುವಿನ ಮೇಲೆ ನಿಲ್ಲಬೇಕು. ಮರದ ಕುರ್ಚಿ ಅಡ್ಡ ಇದ್ದರೆ ಟ್ರ್ಯಾಕ್ಟರಾದರೂ ಒಂದು ಗಳಿಗೆ ತಡವರಿಸುತ್ತದೆ. ತಮ್ಮ ಮೇಲೆ ಕೂತವರಿಂದ ಅಷ್ಟೂ ಆಗಲಿಲ್ಲ.

ಮಾತು ನಂಬಿ ಬೇಲಿ ಕಡಿದ
ತಮ್ಮ ವಿಶ್ವಾಸಿ,
ಶ್ಯಾಮಲಮ್ಮ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಸೊಸೆ ಶಿರೀಷಾ ಕುಡುಗೋಲು ಹಿಡಿದು ಹೋಗಿ, ಆವುಲಪ್ಪ ನುಂಗಿದ ನಮ್ಮ ಸಾಲುಗಳಿಂದ ಹಾಡಹಗಲೇ ಸೊಪ್ಪು ಕೊಯ್ದು ತಂದಳು. ಹುಳು ಮೇಯುವ ಸದ್ದು ಕೇಳಿ ನನಗೆ ಅಳುವೇ ಬಂತು. ಇಷ್ಟು ವರ್ಷ ಬದುವಿನ ಹತ್ತಿರ ಒಮ್ಮೆಯೂ ಸುಳಿಯದ ಕೋನಪ್ಪನವರು ಚಪ್ಪಲಿ ಮೆಟ್ಟಲೂ ಪುರುಸೊತ್ತಿಲ್ಲದೆ ಓಡಿ ಬಂದು ನಮ್ಮ ಬಾಗಿಲಲ್ಲಿ ನಿಂತು ಕೂಗಿದರು: "ಯಾಕ್ರಮ್ಮ ಪಕ್ಕದೋರ ತೋಟಕ್ಕೆ ನುಗ್ತೀರಾ? ಗಡಿ ಅಂದ್ರೆ ಒಂದು ಮರ್ಯಾದೆ ಬೇಡ್ವಾ?"