ತಲೆ ಎತ್ತಬಾರದು

— ತಲೆ ಕೆಳಗೆ.

— ನಾನು ಮೊದಲ ದಿನವೇ ಹೇಳಿದ್ದೆ ಅಂತ ಒಪ್ಕೋ, ಇಳಿಸ್ತೀನಿ.

— ಒಪ್ಪಲ್ಲ. ಇಳಿಸಿ.

ಗಡಿಯಾರ ರಿಪೇರಿಯವನು ಹೆಂಡತಿಯ ಮಾತಿಗೆ ಗೊಣಗುತ್ತಾ ಮೇಜಿನ ಮೇಲಿನ ದಿಂಬಿಗೆ ಹಣೆ ಊರಿದ. ಕಣ್ಣಿನ ಆಪರೇಷನ್ ಆಗಿ ಅದು ಎರಡನೇ ದಿನ. ಅವನದು ಮೈನಸ್ ಹದಿನೆಂಟು ಪವರಿನ ಕಣ್ಣು. ಗುಡ್ಡೆ ಉದ್ದಕ್ಕೆ ಎಳೆದುಕೊಂಡು, ಒಳಗಿನ ರೆಟಿನಾ ಎಂಬ ಪರದೆ ತೆಳ್ಳಗಾಗಿ ಹರಿದು, ಹಳೇ ಗೋಡೆಯ ಸುಣ್ಣದಂತೆ ಕಳಚಿಕೊಂಡಿತ್ತು. ಡಾಕ್ಟರಮ್ಮ ಅದನ್ನು ಜಾಗಕ್ಕೆ ಕೂರಿಸಿ, ಒತ್ತಿ ಹಿಡಿಯಲೆಂದು ಕಣ್ಣೊಳಗೆ ಗ್ಯಾಸ್ ತುಂಬಿದ್ದರು. ಗ್ಯಾಸ್ ಮೇಲಕ್ಕೇರುವ ಪದಾರ್ಥ, ಹರಿದಿದ್ದು ಕಣ್ಣಿನ ಹಿಂಭಾಗ. ಆದ್ದರಿಂದ ಏಳು ದಿನ ಮುಖ ನೆಲದ ಕಡೆಗೇ ಇರಬೇಕು, ಊಟಕ್ಕೂ ನಿದ್ದೆಗೂ. ಇನ್ನೊಂದು ಕಣ್ಣು ಚಿಕ್ಕಂದಿನಿಂದಲೂ ಹೆಸರಿಗಷ್ಟೇ. ಇದೂ ಹೋದರೆ ಅಂಗಡಿಗೆ ಬೀಗ.

ಮೂವತ್ತು ವರ್ಷ ಗಡಿಯಾರಗಳ ಹೊಟ್ಟೆಯೊಳಗೆ ಮೂಗು ತೂರಿಸಿ ಕೂತ ಮಹಾಶಯ, ಸ್ವಂತ ಮಾವ ಬಾಗಿಲಲ್ಲಿ ನಿಂತು ಕರೆದರೂ ತಲೆ ಎತ್ತಿದವನಲ್ಲ. ಈಗ ಎತ್ತಬೇಡ ಎಂದಿದ್ದೇ ತಡ, ಕತ್ತು ನಿಲ್ಲದಾಯಿತು. ಹೆಂಡತಿಯ ಮುಖ ನೋಡದೆ ಜಗಳವಾಡಲು ಅವನಿಗೆ ಬರುತ್ತಿರಲಿಲ್ಲ. ಗ್ಯಾಸ್ ತುಂಬಿದ ಕಣ್ಣಿಗೆ ಆ ಮುಖ ಕಾಣುತ್ತಲೂ ಇರಲಿಲ್ಲ, ಅದು ಬೇರೆ ಮಾತು.

— ಮೂಲೆಯಿಂದ ಕತ್ತಲೆ ಬರ್ತಿದೆ ಅಂತ ಹೇಳಿರಲಿಲ್ವಾ?

— ಅಂಗಡಿ ಬಲ್ಬ್ ಸರಿಯಿಲ್ಲ ಅಂದ್ರಿ. ಮೂರು ಸಲ ಬದಲಾಯಿಸಿದ್ರಿ. ಕರೆಂಟಿನವನನ್ನ ಕರೆಸಿ ಬೈದ್ರಿ, ಪಾಪ.

— ಯಾರಾದ್ರೂ ಬಲ್ಬ್ ಅಂತಾನೇ ತಿಳ್ಕೋತಾರೆ.

— ತಿಳ್ಕೋತಾರೆ, ತಿಳ್ಕೋತಾರೆ. ಮಟಮಟ ಮಧ್ಯಾಹ್ನ ಬೀದೀಲೂ ಅದೇ ಕತ್ತಲೆ ಬಂತಲ್ಲ, ಆಗ ಯಾವ ಬಲ್ಬ್ ಬದಲಾಯಿಸೋಣ ಅಂತಿದ್ರಿ?

ತಲೆ ಮತ್ತೆ ಎದ್ದಿತು.

— ಕೆಳಗೆ.

ಬೆಳಗ್ಗಿನಿಂದ ಇದು ಹನ್ನೊಂದನೇ ಸಲ. ರೆಟಿನಾ ಇನ್ನೊಮ್ಮೆ ಕಳಚಿದರೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ಅವಳು ಹನ್ನೊಂದನೇ ಸಲ ನೆನಪಿಸಿದಳು. ಅವನು ಹಣೆಯನ್ನು ಮತ್ತೆ ದಿಂಬಿಗೆ ಊರಿದ.

— ಬಲ್ಬೇ ಕೆಟ್ಟಿರಲಪ್ಪಾ ಅಂತ ಬೇಡ್ಕೊಂಡಿದ್ದೆ ಕಣೇ. ಹೆದರಿಕೆ ಆಗಿತ್ತು. ಆದ್ರೂ ಹೇಳಿದ್ದು ಹೇಳಿದ್ದೇ.

ಅವಳು ಎದ್ದು ಅವನ ಬೆನ್ನ ಹಿಂದೆ ಬಂದು ನಿಂತಳು.

— ಸರಿ. ನೀವು ಮೊದಲ ದಿನವೇ ಹೇಳಿದ್ರಿ. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ. ತಪ್ಪು ನನ್ನದೇ.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಬಾಯಿಂದ ಇಂಥ ಮಾತು ಬಂದದ್ದಿಲ್ಲ. ಮಾತಾಡಿದ್ದು ಇವಳೇನಾ ಎಂದು ನೋಡಲೇಬೇಕೆನಿಸಿ ಅವನು ಥಟ್ಟನೆ ಕತ್ತು ಎತ್ತಹೋದ. ಅದು ಕೂದಲೆಳೆಯಷ್ಟೂ ಏಳಲಿಲ್ಲ. ಆ ಮಾತಿಗೆ ಬಾಯಿ ತೆರೆಯುವ ಮೊದಲೇ ಅವಳು ಅವನ ಹಿಂದಲೆಯ ಮೇಲೆ ಎರಡೂ ಕೈ ಊರಿ ನಿಂತಿದ್ದಳು.

— ಎತ್ತೇ ಎತ್ತುತ್ತೀರಿ ಅಂತ ಗೊತ್ತಿತ್ತು. ಇನ್ನು ಐದು ದಿನ ಏನು ಹೇಳಿದ್ರೂ ಒಪ್ಕೋತೀನಿ. ಕಣ್ಣೊಂದು ಬರಲಿ, ಆಮೇಲೆ ಇದೆ ನಿಮಗೆ.