ಬಾಯಿ ಹಚ್ಚಿದ ಲಾಳಿ

ಚರ್ಚಾಸ್ಪರ್ಧೆಯಲ್ಲಿ ಗೆದ್ದವನಿಗೆ ಬೆಳ್ಳಿ ಬಣ್ಣದ ಕಪ್ಪನ್ನೇ ಏಕೆ ಕೊಡುತ್ತಾರೆಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಚಹಾ ಕುಡಿಯಲು ಅದು ದೊಡ್ಡದು, ಸ್ನಾನಕ್ಕೆ ಸಣ್ಣದು. ಕಿವಿಯಂಥ ಎರಡು ಹಿಡಿಕೆಗಳಿವೆ, ಆದರೆ ಯಾರ ಮಾತನ್ನೂ ಕೇಳುವುದಿಲ್ಲ. ಈ ಗುಣದಲ್ಲಿ ಮಾತ್ರ ಅದು ಗೆದ್ದವನನ್ನು ಹೋಲುತ್ತದೆ. ಕೊಲ್ಹಾಪುರದ ಕಾಲೇಜಿನಲ್ಲಿ ಸಮಾನತೆಯ ಪರವಾಗಿ ಮಾತಾಡಿ ನಾನು ಅಂಥದೊಂದನ್ನು ಗೆದ್ದೆ. ಹಿಂದಿನ ವರ್ಷ ಸಮಾನತೆಯ ವಿರುದ್ಧ ಮಾತಾಡಿದಾಗ ಬರೀ ಎರಡನೆಯ ಬಹುಮಾನ ಬಂದಿತ್ತು. ಆದ್ದರಿಂದ ಸಮಾನತೆಯಲ್ಲಿ ನನ್ನ ನಂಬಿಕೆ ಗಟ್ಟಿಯಾಗಿತ್ತು ಎನ್ನಲಡ್ಡಿಯಿಲ್ಲ. ಕಪ್ಪನ್ನು ಗಡಹಿಂಗ್ಲಜದ ಮನೆಗೆ ಒಯ್ದಾಗ ಅವ್ವ ಅದನ್ನು ತಿರುಗಿಸಿ ನೋಡಿ, "ಇದರಾಗ ಏನ್ ಹಾಕಿಡೂದಪಾ? ಉಪ್ಪಿಡಾಕ ಮುಚ್ಚಳಾ ಸುದ್ದಾ ಇಲ್ಲ" ಎಂದು ಪಡಸಾಲೆಯ ಗೂಡಿನಲ್ಲಿಟ್ಟಳು. ಅಡುಗೆಮನೆಯ ಹೊಸ್ತಿಲನ್ನು ಅದು ದಾಟಲಿಲ್ಲ.

ನಮ್ಮ ಸಮಾಜಶಾಸ್ತ್ರದ ಪ್ರಾಧ್ಯಾಪಕರಿಗೆ, ಕಣ್ಣಿಗೆ ಕಂಡದ್ದನ್ನು ಯಾಕೆ ಎಂದು ಕೇಳುವ ಕೆಟ್ಟ ಚಟವಿತ್ತು. ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಯಾವ ಜಾತಿಯವರಿಗೆ ಯಾವ ಕೆಲಸ ಸಿಗುತ್ತದೆ, ನೋಡಿ ಬಾ ಎಂದು ನನ್ನನ್ನು ಕಳಿಸಿದರು. ನೋಡುವುದಕ್ಕೆ ಕಷ್ಟವೇನೂ ಇರಲಿಲ್ಲ. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗಿನ ನೂಲು ಮುಗಿದಾಗ ನೇಕಾರ ನೂಲು ಸುತ್ತಿದ ಹೊಸ ಕಂಡಿಕೆ ಹಾಕುತ್ತಾನೆ. ಆಮೇಲೆ ಲಾಳಿಯ ತೂತಿಗೆ ಬಾಯಿ ಹಚ್ಚಿ ಸುರ್ರೆಂದು ಹೀರಿ ನೂಲಿನ ತುದಿಯನ್ನು ಹೊರಗೆಳೆಯುತ್ತಾನೆ. ಹಗಲುಪಾಳಿಯವನು ಹೀರಿದ ಲಾಳಿಯನ್ನೇ ರಾತ್ರಿಪಾಳಿಯವನು ಹೀರಬೇಕು. ಮನೆಯಲ್ಲಿ ತಮ್ಮ ತಾಟನ್ನು ಇನ್ನೊಬ್ಬರಿಗೆ ಕೊಡದವರು ಇಲ್ಲಿ ಎಂಜಲನ್ನು ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು. ಬಾಯಿಗಳು ಸರಿಯಾದ ಓಣಿಯವಾಗಿರಬೇಕು, ಅಷ್ಟೆ. ಆದ್ದರಿಂದ ಹೊಲಗೇರಿಯವರಿಗೆ ಮಗ್ಗವಿಲ್ಲ. ಅವರು ನೂಲು ಸುತ್ತಿದ ಭಾರದ ಬೀಮು ಹೊರಬೇಕು, ಅರಳೆಯ ಧೂಳು ಗುಡಿಸಬೇಕು.

ಒಂದು ಶೆಡ್ಡಿನಲ್ಲಿ ಮಾತ್ರ ಇದಕ್ಕೊಂದು ಅಪವಾದವಿತ್ತು. ಗೋಕಾಕದ ಕಡೆಯ ಯಲ್ಲಪ್ಪ ಬೀಮು ಹೊರುತ್ತಲೇ ನೇಯ್ಗೆ ಕಲಿತಿದ್ದ. ಕೈಗಳು ಸಾಲದೆ ಮಾಲಕರು ಅವನಿಗೆ ಮೂಲೆಯ ಮಗ್ಗವೊಂದನ್ನು ಕೊಟ್ಟಿದ್ದರು. ಅದರ ಲಾಳಿಗಳಿಗೆ ಕೆಂಪು ದಾರ ಸುತ್ತಿದ್ದರು. ರಾತ್ರಿಪಾಳಿಯಲ್ಲಿ ಆ ಮಗ್ಗ ಸುಮ್ಮನೆ ನಿಂತಿರುತ್ತಿತ್ತು. ಬೀಮು ಹೊರುವ ಕೂಲಿಯಲ್ಲಿ ಯಲ್ಲಪ್ಪನ ಒಂದು ಹೊಟ್ಟೆ ತುಂಬುತ್ತಿತ್ತು. ಮಗ್ಗದ ಮಜೂರಿಯಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಲು ಕೊರೋಚಿಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದ.

"ಲಾಳಿಗೆ ಕೆಂಪ ದಾರ ಯಾಕ?" ಎಂದು ಕೇಳಿದೆ.

"ದೃಷ್ಟಿ ಆಗಬಾರದಂತ್ರಿ."

"ಯಾರ ದೃಷ್ಟಿ?"

"ನಿಮ್ಮಂಥಾವ್ರದರಿ. ಕೇಳಬ್ಯಾಡ್ರಿ ಸಾಹೇಬ್ರ. ನಡದೈತಿ, ನಡೀಲಿ."

ಚರ್ಚಾಪಟುವಿಗೆ ಕೇಳಬೇಡ ಎಂದರೆ ಅವನು ಕೇಳುತ್ತಾನೆಯೆ? ನಾಲ್ಕು ಜನ ನೋಡಲಿ ಎಂದು ಅವನ ಲಾಳಿ ಕಸಿದುಕೊಂಡು ನಾನೇ ಬಾಯಿ ಹಚ್ಚಿ ಹೀರಿದೆ. ನೂಲು ಬರಲಿಲ್ಲ; ಅರಳೆಯ ಎಳೆ ಗಂಟಲಿಗೆ ಹೋಗಿ ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದೆ. ಇಡೀ ಶೆಡ್ಡು ನೋಡಿತು. ಯಲ್ಲಪ್ಪ ಮಾತ್ರ ನೆಲ ನೋಡುತ್ತ, "ನೀವು ಕೆಮ್ಮಿ ಕೊಲ್ಹಾಪುರದ ಮೋಟಾರ ಹತ್ತತೀರಿ. ನಾ ಇಲ್ಲೇ ಇರಾಂವ" ಎಂದ.

ಕಾಲೇಜಿನ ಸಭೆಯಲ್ಲಿ ನನ್ನ ಪ್ರಬಂಧ ಓದಿದೆ. ಊರಿನ ಹೆಸರು ಹೇಳಿದೆ, ಯಾರ ಹೆಸರನ್ನೂ ಹೇಳಲಿಲ್ಲ, ಕೆಂಪು ದಾರದ ಸಂಗತಿ ಮಾತ್ರ ಹೇಳಿದೆ. ಚಪ್ಪಾಳೆ ಬಿತ್ತು. ಕೆಂಪು ದಾರ ಇದ್ದದ್ದು ಒಂದೇ ಶೆಡ್ಡಿನಲ್ಲಿ ಎಂಬುದು ಚಪ್ಪಾಳೆ ನಿಂತ ಮೇಲೆ ನೆನಪಾಯಿತು. ಮುಂದಿನ ವಾರ ಇಚಲಕರಂಜಿಯ ಚೌಕದಲ್ಲಿ, ಚುನಾವಣೆಗೆ ನಿಂತ ಪುಢಾರಿಯೊಬ್ಬರು ಮೇಜು ಗುದ್ದಿ, "ಆಮಚ್ಯಾ ಗಾವಾತ ಜಾತಪಾತ ನಾಹೀ!" ಎಂದು ಸಾರಿದರು. ನಮ್ಮ ಊರಿನಲ್ಲಿ ಜಾತಿಯಿಲ್ಲ, ಕೊಲ್ಹಾಪುರದ ಹುಡುಗರು ಮೋಟಾರಿನಲ್ಲಿ ತಂದು ಬಿತ್ತುತ್ತಿದ್ದಾರೆ ಎಂದರು. ನನಗೆ ಬಿದ್ದದ್ದಕ್ಕಿಂತ ದೊಡ್ಡ ಚಪ್ಪಾಳೆ ಬಿತ್ತು. ಪ್ರಾಚಾರ್ಯರು ನನ್ನನ್ನು ಕರೆಸಿ, ನೀನು ಕೇಳಿದ್ದರಿಂದಲೇ ಜಾತಿ ಎದ್ದಿತು ಎಂದರು. "ಸರ್, ನಾನು ಹೋಗುವ ಮೊದಲೇ ದಾರ ಕೆಂಪಗಿತ್ತು" ಎಂದೆ. ಅವರು ಕನ್ನಡಕ ಒರೆಸಿಕೊಂಡರು. ಅಂದಿನಿಂದ ನಮ್ಮ ಕಾಲೇಜಿನಲ್ಲಿ ಜಾತಿಯ ವಿಷಯ ಕೇಳುವುದೂ ಬರೆಯುವುದೂ ನಿಂತಿತು. ಪ್ರಾಧ್ಯಾಪಕರಿಗೆ ಪಾಠ ಬಿಡಿಸಿ ಗ್ರಂಥಾಲಯ ಒಪ್ಪಿಸಿದರು. ಪುಸ್ತಕಗಳಿಗೆ ಯಾಕೆ ಎಂದು ಕೇಳಿದರೆ ಯಾರಿಗೂ ತೊಂದರೆಯಿಲ್ಲ. ಹಾಸ್ಟೆಲಿನ ಊಟದ ಎರಡು ಪಂಕ್ತಿಗಳು ಎರಡಾಗಿಯೇ ಉಳಿದವು. ಕೇಳುವವರಿಲ್ಲದ್ದರಿಂದ ಅವಕ್ಕೂ ಜಾತಿಯಿರಲಿಲ್ಲ.

ನಾನು ಮತ್ತೆ ಶೆಡ್ಡಿಗೆ ಹೋದಾಗ ಮಾಲಕರು ಬಾಗಿಲಲ್ಲೇ ಸ್ವಾಗತಿಸಿದರು. "ಯಾ ಯಾ, ಬರ್ರಿ, ನೋಡ್ರಿ. ಕೆಂಪ ದಾರ ಕಿತ್ತ ಒಗದೇನಿ. ಇನ್ನ ನಮ್ಮಲ್ಲೆ ಭೇದಭಾವ ಇಲ್ಲ. ಎಲ್ಲಾ ಲಾಳಿ ಎಲ್ಲಾರವ. ಇದನ್ನೂ ಬರಕೋರಿ."

"ಯಲ್ಲಪ್ಪ ಎಲ್ಲಿ?"

"ಬೀಮ್ ಹೊರಾಕತ್ತಾನ. ಎಲ್ಲಾರ ಲಾಳಿಗೆ ಅಂವಾ ಬಾಯಿ ಹಚ್ಚಿದ್ರ ಉಳದಾವ್ರು ಮಗ್ಗಾ ಬಿಟ್ಟ ಏಳತಾರ. ಅವಂಗಂತ ಬ್ಯಾರೆ ಲಾಳಿ ಇಟ್ರ ನೀವು ಸಭಾದಾಗ ಓದತೀರಿ. ಮತ್ತ ನಾ ಏನ್ ಮಾಡ್ಲಿ, ನೀವ ಹೇಳ್ರಿ?"

ಅವರ ವಾದದಲ್ಲಿ ದೋಷ ಹುಡುಕಿದೆ. ಸಿಕ್ಕಿತು, ಹೇಳಿಯೂ ಹೇಳಿದೆ. ಅವರು "ಭಾಳ ಛಲೋ ಮಾತಾಡ್ತೀರಿ" ಎಂದು ಚಹಾ ತರಿಸಿದರು. ಮಗ್ಗ ಮಾತ್ರ ತಿರುಗಿ ಬರಲಿಲ್ಲ.

ಅಂಗಳದಲ್ಲಿ ಯಲ್ಲಪ್ಪ ಹೆಗಲ ಮೇಲೆ ಬೀಮು ಹೊತ್ತು ಎದುರಾದ. "ಹೆಂಡತಿ ಬಂದಾಳೇನು?" ಎಂದೆ.

"ಬಂದಿದ್ಲರಿ. ತಿರುಗಿ ಹೋಗ್ಯಾಳ. ಖೋಲಿ ಬಿಟ್ನಿ." ಭಾರವನ್ನು ಇನ್ನೊಂದು ಹೆಗಲಿಗೆ ಹೊರಳಿಸಿಕೊಂಡ. "ನಿಮ್ಮ ಕೆಮ್ಮ ಹ್ಯಾಂಗೈತ್ರಿ?"

ಉತ್ತರಕ್ಕೆ ಕಾಯದೆ, "ದಾರಿ ಬಿಡ್ರಿ" ಎಂದು ಹೋದ.

ಸುದ್ದಿಗೆ ಮೋಟಾರು ಬೇಕಿಲ್ಲ. ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ನಾನು ಯಾರ ಲಾಳಿಗೆ ಬಾಯಿ ಹಚ್ಚಿದೆನೆಂಬುದು ಚೀಲಗಳ ಜೊತೆ ಗಡಹಿಂಗ್ಲಜ ಮುಟ್ಟಿತ್ತು. ನಮ್ಮಲ್ಲಿ ಪ್ರತಿ ಸೋಮವಾರ, ಎಲ್ಲರೂ ಶಿವನ ಮಕ್ಕಳೆಂದು ಭಜನೆ ಆಗುತ್ತದೆ. ಅಂಥದೊಂದು ಸೋಮವಾರ ಮನೆಗೆ ಹೋಗಿ ನೀರು ಕೇಳಿದೆ. ಅವ್ವ ಗೂಡಿನೊಳಗಿನ ಕಪ್ಪನ್ನು ತಂದು ಮುಂದಿಟ್ಟು, ಮೇಲಿನಿಂದ ನೀರು ಹೊಯ್ದಳು.

"ತಂಬಿಗಿ ಎಲ್ಲೈತಿ?"

"ಇದು ನೀ ಗೆದ್ದದ್ದಲ್ಲಾ? ನೀನ ಕುಡಿ, ನೀನ ತೊಳದಿಡು. ನಮ್ಮನ್ಯಾಗ ಭೇದಭಾವ ಯಾವಾಗಿತ್ತು?"

ಪರವಾಗಿಯೂ ವಿರೋಧವಾಗಿಯೂ ನನ್ನ ಬಳಿ ಬೇಕಾದಷ್ಟು ಮಾತುಗಳಿದ್ದವು. ಎರಡೂ ಹಿಡಿಕೆ ಹಿಡಿದು ಕುಡಿದೆ. ತೊಳೆದು ಗೂಡಿನಲ್ಲಿ ಬೋರಲು ಹಾಕುವಾಗ ತಂಗಿ ಬಂದು, "ಅಣ್ಣಾ, ನಿನಗಷ್ಟ ಯಾಕ ಬ್ಯಾರೆ? ಅವ್ವನ್ನ ಕೇಳತೇನಿ ತಡಿ" ಎಂದಳು.

"ಕೇಳಬ್ಯಾಡ. ನಡದೈತಿ, ನಡೀಲಿ" ಎಂದೆ.